ರಕ್ತದಲ್ಲಿ ಹರಿದುಬಂದ ಬಳುವಳಿ

1984ನೆಯ ಇಸವಿಯ ಫೆಬ್ರವರಿ 14. ಅಮೆರಿಕದ ಪಿಟ್ಸ್‌ಬರ್ಗ್ ನಗರದ ಮಕ್ಕಳ ಆಸ್ಪತ್ರೆಯಲ್ಲಿ, ಟೆಕ್ಸಾಸ್ ಪ್ರಾಂತದಿಂದ ಬಂದ ಆರು ವರ್ಷದ ಬಾಲಿಕೆಯೊಬ್ಬಳು ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆ ಪ್ರಜ್ಞೆಯಿಲ್ಲದೆ ಮಲಗಿದ್ದಳು. ಆ ಎಳೆಯ ವಯಸ್ಸಿಗಾಗಲೇ ಅವಳಿಗೆ ಹೃದಯಾಘಾತವಾಗಿತ್ತು. ಹೃದಯದ ಧಮನಿಗಳು ಕಟ್ಟಿಕೊಂಡಿದ್ದುದರಿಂದ ಎರಡು ಬಾರಿ ಬೈಪಾಸ್ ಶಸ್ತ್ರಚಿಕಿತ್ಸೆಯೂ ನಡೆದಿತ್ತು. ಡಾಕ್ಟರ್ ಥಾಮಸ್ ಸ್ಟಾರ್ಜ಼ಲ್ ಮತ್ತು ಅವರ ಸಹೋದ್ಯೋಗಿಗಳು ಅಂದು ಅವಳಿಗೆ ಹೊಸ ಹೃದಯವನ್ನು ಜೋಡಿಸಿದರು. ಅಷ್ಟಕ್ಕೇ ನಿಲ್ಲದೆ, ಅದೇ ದಿನ ಅವಳ ಯಕೃತ್ತನ್ನೂ ತೆಗೆದು ಬೇರೊಂದು ಯಕೃತ್ತನ್ನು ಇಟ್ಟರು. ಹೃದಯ ಮತ್ತು ಯಕೃತ್ತು ಎರಡನ್ನೂ ಒಮ್ಮೆಗೇ ಬದಲಿಸಿಕೊಂಡ ಮೊದಲನೆಯ ಮಾನವಜೀವಿ ಅವಳೇ.

ಈ ಸುದ್ದಿಯನ್ನು ಓದಿದವರಿಗೆ ಎರಡು ಪ್ರಶ್ನೆಗಳು ಹುಟ್ಟಿದ್ದರೆ ಆಶ್ಚರ್ಯವಿಲ್ಲ. ಅರುವತ್ತರ ಮುದುಕರಿಗೆ ಬರುವ ರೋಗ ಆರು ವರ್ಷದ ಮಗುವಿಗೆ ಬಂದುದು ಹೇಗೆ? ಕೆಟ್ಟಿದ್ದುದು ಹೃದಯ; ಅದನ್ನು ಬದಲಿಸಿದ್ದು ಸರಿ. ಯಕೃತ್ತನ್ನೇಕೆ ಬದಲಿಸಬೇಕಾಯಿತು?

ಈ ಎರಡು ಪ್ರಶ್ನೆಗಳಿಗೆ ಉತ್ತರ ದೊರೆಯುವ ಹೊತ್ತಿಗೆ ವೈದ್ಯಶಾಸ್ತ್ರವು ಬಹುದೂರ ನಡೆದುಬಂದಿತ್ತು. ತಂದೆತಾಯಿಗಳಿಂದ ಮಕ್ಕಳಿಗೆ ಬರುವುದು ಮೂಗಿನ ನೇರ, ಕಣ್ಣಿನ ಬಣ್ಣ, ಹೊಲಮನೆಗಳಷ್ಟೇ ಅಲ್ಲ. ಧಮನಿಗಳ ಆಯುಸ್ಸೂ ಬಳುವಳಿಯಾಗಿ ಬರುತ್ತದೆ. ಆ ಬಳುವಳಿ ಗಂಡಿನಲ್ಲಿ ಒಂದು ರೀತಿಯಾಗಿ, ಹೆಣ್ಣಿನಲ್ಲಿ ಇನ್ನೊಂದು ರೀತಿಯಾಗಿ, ವಯಸ್ಸಿನೊಂದಿಗೆ ಬೆಳೆಯುತ್ತ ಹೋಗುತ್ತದೆ. ಅದನ್ನು ಮೊದಲೇ ಗುರುತಿಸಿದ ಮನೆಗೂ ಗುರುತಿಸದ ಮನೆಗೂ ಇರುವ ಅಂತರ ಸಾವುಬದುಕಿನ ಅಂತರ.

ನಾಳದ ಗೋಡೆಯೊಳಗೆ

ಕೊಲೆಸ್ಟರಾಲ್ ಎಂದೊಡನೆ ವಿಷವೆಂದು ಬೆದರುವವರುಂಟು. ವಾಸ್ತವವಾಗಿ ಅದಿಲ್ಲದೆ ದೇಹದ ಒಂದು ಜೀವಕೋಶವೂ ಬದುಕಲಾರದು. ಜೀವಕೋಶದ ಹೊರಪೊರೆಗೆ ಅದು ಬೇಕು; ಪಿತ್ತರಸಕ್ಕೆ ಬೇಕು; ಸ್ತ್ರೀಪುರುಷರ ಹಾರ್ಮೋನುಗಳು ಸಿದ್ಧವಾಗುವುದೂ ಅದರಿಂದಲೇ. ಜಿಡ್ಡಿನ ಪದಾರ್ಥವಾದುದರಿಂದ ಅದು ನೀರಿನಂಥ ರಕ್ತದಲ್ಲಿ ಕರಗದು. ಆದ್ದರಿಂದ ಪ್ರೋಟೀನಿನ ಹೊದಿಕೆಯುಳ್ಳ ಅತಿ ಸೂಕ್ಷ್ಮ ಕಣಗಳು ಅದನ್ನು ಹೊತ್ತು ತಿರುಗುತ್ತವೆ. ಇವುಗಳಲ್ಲಿ ಮುಖ್ಯವಾದುದು ಎಲ್.ಡಿ.ಎಲ್. ಎಂಬ ಕಣ.

ಹೊರೆ ಹೊತ್ತು ಬಂದ ಈ ಕಣ ಎಲ್ಲಿಯಾದರೂ ಇಳಿಯಲೇಬೇಕಷ್ಟೆ. ಇಳಿಸಿಕೊಳ್ಳುವ ದೊಡ್ಡ ಕೆಲಸ ಯಕೃತ್ತಿನದು. ಯಕೃತ್ತಿನ ಜೀವಕೋಶಗಳ ಮೈಮೇಲೆ ಗ್ರಾಹಕಗಳೆಂಬ ಪ್ರೋಟೀನುಗಳಿವೆ. ಹಾದುಹೋಗುವ ಎಲ್.ಡಿ.ಎಲ್. ಕಣವನ್ನು ಗ್ರಾಹಕವು ಕೈಹಿಡಿದು ಒಳಕ್ಕೆ ಕರೆದೊಯ್ದು, ಹೊರೆಯನ್ನು ಇಳಿಸಿ, ಮತ್ತೆ ಹೊರಬಂದು ಬಾಗಿಲಲ್ಲಿ ನಿಲ್ಲುತ್ತದೆ. ಒಂದು ಸಲ ಒಳಹೋಗಿ ಬರಲು ಹಿಡಿಯುವ ಕಾಲ ಸುಮಾರು ಹತ್ತು ನಿಮಿಷ. ಇಪ್ಪತ್ತು ಗಂಟೆಗಳಷ್ಟಿರುವ ತನ್ನ ಆಯುಸ್ಸಿನಲ್ಲಿ ಗ್ರಾಹಕವು ಇಂಥ ನೂರಾರು ಪ್ರಯಾಣಗಳನ್ನು ಮಾಡುತ್ತದೆ.

ಗ್ರಾಹಕಗಳು ಕಡಮೆಯಾದರೆ, ಇಲ್ಲವೆ ಕೆಲಸಕ್ಕೆ ಬಾರದಂತಿದ್ದರೆ, ಕಣಗಳಿಗೆ ಇಳಿಯಲು ನೆಲೆ ದೊರೆಯದು. ಅವು ರಕ್ತದಲ್ಲಿ ದಿನಗಟ್ಟಲೆ ಅಲೆಯುತ್ತವೆ. ಅಲೆಯುತ್ತ ಧಮನಿಯ ಒಳಗೋಡೆಯೊಳಕ್ಕೆ ನುಸುಳಿ ಸಿಕ್ಕಿಕೊಳ್ಳುತ್ತವೆ. ಅವನ್ನು ನುಂಗಲು ಬಂದ ಬಿಳಿಯ ರಕ್ತಕಣಗಳು ಜಿಡ್ಡು ತುಂಬಿ ಉಬ್ಬಿ ಅಲ್ಲಿಯೇ ಸಾಯುತ್ತವೆ. ಅದರ ಸುತ್ತ ನಾರು ಬೆಳೆದು, ಸುಣ್ಣ ಕೂಡಿ, ಗೋಡೆ ದಪ್ಪವಾಗುತ್ತದೆ, ಪೆಡಸಾಗುತ್ತದೆ. ಒಂದು ದಿನ ಆ ಗಂಟು ಒಡೆದು ಅದರ ಮೇಲೆ ರಕ್ತ ಹೆಪ್ಪುಗಟ್ಟಿದರೆ ದಾರಿ ಮುಚ್ಚಿತು. ಹೃದಯದ ಧಮನಿಯಲ್ಲಿ ಹೀಗಾದರೆ ಹೃದಯಾಘಾತ. ಮೆದುಳಿನ ಧಮನಿಯಲ್ಲಾದರೆ ಪಾರ್ಶ್ವವಾಯು.

ಓಸ್ಲೋ ನಗರದಿಂದ ಬೈರೂತಿಗೆ

ಈ ರೋಗವು ಕೆಲವು ಮನೆತನಗಳನ್ನೇ ಹುಡುಕಿಕೊಂಡು ಹೋಗುವುದನ್ನು ಸ್ಪಷ್ಟವಾಗಿ ಕಂಡವರಲ್ಲಿ ನಾರ್ವೆ ದೇಶದ ವೈದ್ಯ ಕಾರ್ಲ್ ಮುಲ್ಲರ್ ಮೊದಲಿಗರು. 1938ರ ಸುಮಾರಿನಲ್ಲಿ ಓಸ್ಲೋ ನಗರದಲ್ಲಿ ಅವರು 17 ಕುಟುಂಬಗಳನ್ನು ಪರೀಕ್ಷಿಸಿದರು. ಆ ಕುಟುಂಬಗಳಲ್ಲಿ ಮೂರು ಲಕ್ಷಣಗಳು ಜೊತೆಜೊತೆಯಾಗಿ ಕಾಣುತ್ತಿದ್ದವು: ರಕ್ತದಲ್ಲಿ ಅತಿಯಾದ ಕೊಲೆಸ್ಟರಾಲ್, ಕೈಬೆರಳ ಗೆಣ್ಣುಗಳ ಮೇಲೆಯೂ ಹಿಮ್ಮಡಿಯ ಹಿಂದಿನ ಸ್ನಾಯುರಜ್ಜುವಿನ ಮೇಲೆಯೂ ಹಳದಿಯ ಗಂಟುಗಳು, ಮತ್ತು ಅಕಾಲದ ಹೃದ್ರೋಗ. ತಂದೆ ಅಥವಾ ತಾಯಿ ಇಬ್ಬರಲ್ಲಿ ಒಬ್ಬರಿಗೆ ಈ ದೋಷವಿದ್ದರೂ ಅದು ಮಕ್ಕಳಿಗೆ ಇಳಿಯುತ್ತದೆಂಬುದನ್ನು ಅವರು ತಿಳಿಸಿದರು.

ಇಪ್ಪತ್ತಾರು ವರ್ಷಗಳ ಅನಂತರ, 1964ರಲ್ಲಿ, ಲೆಬನಾನಿನ ಬೈರೂತ್ ನಗರದಲ್ಲಿದ್ದ ವೈದ್ಯ ಅವೆದಿಸ್ ಖಚದೂರಿಯನ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ರಕ್ತಸಂಬಂಧದಲ್ಲಿ ವಿವಾಹವಾಗುವ ರೂಢಿ ಆ ನಾಡಿನಲ್ಲಿಯೂ ಉಂಟು. ಅಂಥ ಕುಟುಂಬಗಳನ್ನು ಪರೀಕ್ಷಿಸಿ, ಈ ರೋಗಕ್ಕೆ ಎರಡು ಪ್ರಮಾಣಗಳಿವೆಯೆಂದು ಅವರು ತೋರಿಸಿಕೊಟ್ಟರು. ಪ್ರತಿಯೊಬ್ಬ ಮನುಷ್ಯನಿಗೂ ಒಂದೊಂದು ಜೀನಿನ ಎರಡು ಪ್ರತಿಗಳಿರುತ್ತವೆ. ಒಂದು ತಂದೆಯಿಂದ, ಒಂದು ತಾಯಿಯಿಂದ. ಒಂದು ಪ್ರತಿ ಮಾತ್ರ ದೋಷವುಳ್ಳದ್ದಾದರೆ ಕೊಲೆಸ್ಟರಾಲ್ ಸಾಮಾನ್ಯರಿಗಿರುವುದರ ಎರಡರಷ್ಟರ ಸುಮಾರಿಗೆ ಏರುತ್ತದೆ. ರೋಗ ನಡುವಯಸ್ಸಿನಲ್ಲಿ ಕಾಣಿಸಿಕೊಳ್ಳುತ್ತದೆ. ಎರಡೂ ಪ್ರತಿಗಳು ದೋಷವುಳ್ಳವಾದರೆ ಅದು ನಾಲ್ಕೈದು ಪಟ್ಟು ಏರುತ್ತದೆ. ರೋಗ ಬಾಲ್ಯದಲ್ಲಿಯೇ ಎರಗುತ್ತದೆ.

ಟೆಕ್ಸಾಸಿನ ಬಾಲಿಕೆಯ ಪಾಲಿಗೆ ಬಂದುದು ಈ ಎರಡನೆಯ ಸ್ಥಿತಿ. ಇದು ಅತಿ ವಿರಳ; ಲಕ್ಷಗಟ್ಟಲೆ ಜನರಲ್ಲಿ ಒಬ್ಬರಿಗೆ. ಮೊದಲನೆಯ ಸ್ಥಿತಿಯಾದರೋ ವಿರಳವೇನೂ ಅಲ್ಲ. ಪ್ರಪಂಚದಲ್ಲಿ ಪ್ರತಿ 250ರಿಂದ 300 ಜನರಲ್ಲಿ ಒಬ್ಬರು ದೋಷದ ಒಂದು ಪ್ರತಿಯನ್ನು ಹೊತ್ತು ಹುಟ್ಟುತ್ತಾರೆ. ಅವರಲ್ಲಿ ಬಹುಮಂದಿಗೆ ತಮ್ಮ ರಕ್ತದಲ್ಲಿ ಇಂಥದೊಂದು ಬಳುವಳಿ ಇದೆಯೆಂಬ ಅರಿವೇ ಇರುವುದಿಲ್ಲ.

ಡಲ್ಲಾಸಿನ ಇಬ್ಬರು ಗೆಳೆಯರು

ದೋಷವಿರುವುದು ಯಾವುದರಲ್ಲಿ ಎಂಬುದು ಮಾತ್ರ ಅಂದಿಗೆ ತಿಳಿದಿರಲಿಲ್ಲ. ಆ ಗಂಟನ್ನು ಬಿಡಿಸಿದವರು ಇಬ್ಬರು ಗೆಳೆಯರು: ಜೋಸೆಫ್ ಗೋಲ್ಡ್‌ಸ್ಟೈನ್ ಮತ್ತು ಮೈಕೇಲ್ ಬ್ರೌನ್. 1966ರಲ್ಲಿ ಬಾಸ್ಟನ್ನಿನ ಆಸ್ಪತ್ರೆಯೊಂದರಲ್ಲಿ ಎಳೆಯ ವೈದ್ಯರಾಗಿ ಸೇರಿದಾಗ ಅವರಿಗೆ ಪರಸ್ಪರ ಪರಿಚಯವಾಯಿತು. ಮುಂದೆ ಇಬ್ಬರೂ ಟೆಕ್ಸಾಸಿನ ಡಲ್ಲಾಸ್ ನಗರದ ವೈದ್ಯವಿದ್ಯಾಲಯವನ್ನು ಸೇರಿ ಒಂದೇ ಪ್ರಯೋಗಶಾಲೆಯಲ್ಲಿ ಕೆಲಸಕ್ಕೆ ತೊಡಗಿದರು.

ಅವರು ಹಿಡಿದ ದಾರಿ ಸರಳವಾದುದು. ರೋಗಿಯ ಚರ್ಮದ ಚೂರೊಂದನ್ನು ತೆಗೆದು, ಅದರ ಜೀವಕೋಶಗಳನ್ನು ಗಾಜಿನ ತಟ್ಟೆಯಲ್ಲಿ ಬೆಳೆಸಿ, ಎಲ್.ಡಿ.ಎಲ್. ಕಣಗಳನ್ನು ಒದಗಿಸಿದರು. ಆರೋಗ್ಯವಂತರ ಜೀವಕೋಶಗಳು ಕಣಗಳನ್ನು ಹಿಡಿದು ಒಳಗೆಳೆದುಕೊಂಡವು. ಕೊಲೆಸ್ಟರಾಲ್ ಬೇಕಾದಷ್ಟು ದೊರೆತೊಡನೆ ತಮ್ಮೊಳಗೆ ಅದನ್ನು ತಯಾರಿಸುವುದನ್ನು ನಿಲ್ಲಿಸಿದವು. ಎರಡೂ ಪ್ರತಿ ಕೆಟ್ಟಿದ್ದ ಮಕ್ಕಳ ಜೀವಕೋಶಗಳಾದರೋ ಕಣಗಳನ್ನು ಮುಟ್ಟಲೇ ಇಲ್ಲ. ತಯಾರಿಕೆಯನ್ನು ನಿಲ್ಲಿಸಲೂ ಇಲ್ಲ. ಹೀಗೆ 1973-74ರಲ್ಲಿ ಎಲ್.ಡಿ.ಎಲ್. ಗ್ರಾಹಕವು ಪತ್ತೆಯಾಯಿತು. ಅದರ ಜೀನ್ 19ನೆಯ ವರ್ಣತಂತುವಿನ ಮೇಲಿದೆ. 1985ರಲ್ಲಿ ಈ ಗೆಳೆಯರಿಬ್ಬರಿಗೂ ನೊಬೆಲ್ ಪಾರಿತೋಷಕ ದೊರೆಯಿತು.

ಪಿಟ್ಸ್‌ಬರ್ಗಿನ ವೈದ್ಯರು ಬಾಲಿಕೆಯ ಯಕೃತ್ತನ್ನು ಬದಲಿಸಿದ ಮರ್ಮ ಈಗ ತಿಳಿಯುವಂಥದು. ಹೊಸ ಹೃದಯವನ್ನಷ್ಟೇ ಇಟ್ಟಿದ್ದರೆ ಹಳೆಯ ರಕ್ತ ಅದನ್ನೂ ಕೆಡಿಸುತ್ತಿತ್ತು. ಗ್ರಾಹಕಗಳುಳ್ಳ ಯಕೃತ್ತು ಬಂದ ಮೇಲೆ, ಅವಳ ರಕ್ತದ ಎಲ್.ಡಿ.ಎಲ್. ಮೊದಲಿದ್ದುದರ ಸುಮಾರು ಐದನೆಯ ಒಂದು ಭಾಗಕ್ಕೆ ಇಳಿಯಿತು. ಅವಳು ಶಾಲೆಗೆ ಹೋದಳು, ಆಟವಾಡಿದಳು. 1990ರ ನವೆಂಬರಿನಲ್ಲಿ, ತನ್ನ 13ನೆಯ ವಯಸ್ಸಿನಲ್ಲಿ ಅವಳು ತೀರಿಕೊಂಡಳು. ಎರವಲು ತಂದ ಅವಯವಗಳಿಂದ ಅವಳಿಗೆ ಲಭಿಸಿದ್ದು ಏಳು ವರ್ಷಕ್ಕೂ ಕಡಮೆಯಾದ ಬಾಳು. ಆದರೆ ಧಮನಿಗಳ ಅಳಿವು ಉಳಿವು ಯಕೃತ್ತಿನ ಬಾಗಿಲಲ್ಲಿ ನಿರ್ಧಾರವಾಗುತ್ತದೆಂಬುದನ್ನು ಆ ಪುಟ್ಟ ಜೀವ ಪ್ರಪಂಚಕ್ಕೆ ತೋರಿಸಿಕೊಟ್ಟಿತು.

ಹನಿಗೂಡಿದರೆ ಹಳ್ಳ

ದೋಷದ ಜೀನ್ ಹುಟ್ಟಿನಿಂದಲೇ ಇರುವುದಾದರೆ ರೋಗವೇಕೆ ಹುಟ್ಟಿನಿಂದಲೇ ಕಾಣುವುದಿಲ್ಲ? ಒಂದು ಪ್ರತಿ ಕೆಟ್ಟವನು ನಲವತ್ತು ವರ್ಷಗಳ ಕಾಲ ಗಟ್ಟಿಮುಟ್ಟಾಗಿ ಓಡಾಡಿಕೊಂಡಿರುವುದು ಹೇಗೆ?

ಹನಿಗೂಡಿದರೆ ಹಳ್ಳ, ತೆನೆಗೂಡಿದರೆ ಬಳ್ಳ ಎಂಬ ಗಾದೆಯಲ್ಲಿಯೇ ಇದಕ್ಕೆ ಉತ್ತರವಿದೆ. ಧಮನಿಗೆ ಆಗುವ ಹಾನಿಯು ಇಂದಿನ ಕೊಲೆಸ್ಟರಾಲಿನ ಪ್ರಮಾಣವನ್ನಷ್ಟೇ ಅವಲಂಬಿಸಿದ್ದಲ್ಲ. ಆ ಪ್ರಮಾಣ ಎಷ್ಟು ವರ್ಷಗಳಿಂದ ಇದೆಯೆಂಬುದನ್ನು ಅವಲಂಬಿಸಿದ್ದು. ಅಸಲು ಎಷ್ಟೆಂಬುದರ ಜೊತೆಗೆ ಬಡ್ಡಿ ಎಂದಿನಿಂದ ಬೆಳೆಯುತ್ತಿದೆ ಎಂಬುದನ್ನೂ ಲೆಕ್ಕ ಹಾಕಬೇಕು. ಸಾಮಾನ್ಯ ಮನುಷ್ಯನ ಧಮನಿಯಲ್ಲಿ ಅರುವತ್ತು ಎಪ್ಪತ್ತು ವರ್ಷಗಳಲ್ಲಿ ಕೂಡುವ ಜಿಡ್ಡು, ಒಂದು ಪ್ರತಿ ಕೆಟ್ಟವನಲ್ಲಿ ಮೂವತ್ತು ನಲವತ್ತು ವರ್ಷಗಳಲ್ಲಿ ಕೂಡುತ್ತದೆ. ಎರಡೂ ಕೆಟ್ಟ ಮಗುವಿನಲ್ಲಿ ಹತ್ತು ವರ್ಷ ತುಂಬುವ ಮೊದಲೇ ಕೂಡಿಬಿಡುತ್ತದೆ.

ಕೂಡಿಕೆಯು ಎಷ್ಟು ಬೇಗ ಆರಂಭವಾಗುತ್ತದೆಂಬುದಕ್ಕೆ ಕೊರಿಯದ ಯುದ್ಧಭೂಮಿಯಿಂದ ಸಾಕ್ಷ್ಯ ದೊರೆಯಿತು. ಅಲ್ಲಿ ಮಡಿದ 300 ಮಂದಿ ಅಮೆರಿಕನ್ ಸೈನಿಕರ ಹೃದಯಗಳನ್ನು ಸೇನೆಯ ವೈದ್ಯರು ಪರೀಕ್ಷಿಸಿ 1953ರಲ್ಲಿ ವರದಿಯನ್ನು ಪ್ರಕಟಿಸಿದರು. ಸೈನಿಕರ ಸರಾಸರಿ ವಯಸ್ಸು 22. ರೋಗವೇ ಇಲ್ಲವೆಂದುಕೊಂಡಿದ್ದ ಆ ತರುಣರಲ್ಲಿ ನೂರಕ್ಕೆ 77 ಮಂದಿಯ ಹೃದಯದ ಧಮನಿಗಳಲ್ಲಿ ವ್ಯಾಧಿಯ ಗುರುತುಗಳು ಕಂಡುಬಂದುವು. ಮುಪ್ಪಿನ ರೋಗವೆಂದು ಕರೆಯುತ್ತಿದ್ದುದು ಯೌವನದಲ್ಲಿಯೇ ಬೇರುಬಿಟ್ಟಿರುತ್ತದೆಂಬುದು ಅಂದು ಲೋಕಕ್ಕೆ ಗೊತ್ತಾಯಿತು.

ಬಳುವಳಿಯಾಗಿ ಬಂದ ದೋಷವಿದ್ದವರಲ್ಲಿ ಯೌವನವೇ ಹೆಚ್ಚು ಅಪಾಯದ ಕಾಲ. ಬ್ರಿಟನ್ನಿನಲ್ಲಿ ಇಂಥ ರೋಗಿಗಳ ಹೆಸರುಗಳನ್ನು ದಾಖಲೆ ಮಾಡಿಕೊಂಡು ಬಂದ ವೈದ್ಯರು 1991ರಲ್ಲಿ ಲೆಕ್ಕವನ್ನು ಹೊರತಂದರು. 20ರಿಂದ 39 ವರ್ಷದೊಳಗಿನ ರೋಗಿಗಳು ಹೃದ್ರೋಗದಿಂದ ಸಾಯುವ ಸಂಭವ ಅದೇ ವಯಸ್ಸಿನ ಇತರರಿಗಿಂತ ಸುಮಾರು ನೂರು ಪಟ್ಟು ಅಧಿಕವಾಗಿತ್ತು. ವಯಸ್ಸಾದಂತೆ ಈ ಅಂತರ ಕುಗ್ಗುತ್ತ ಬರುತ್ತದೆ. ಏಕೆಂದರೆ ಮುಪ್ಪಿನಲ್ಲಿ ಎಲ್ಲರ ಧಮನಿಗಳೂ ಹಳತಾಗುತ್ತವೆ. ಮೂವತ್ತೈದರ ಮಗನನ್ನು ಕಳೆದುಕೊಂಡ ಮನೆಯಲ್ಲಿ ವಂಶದ ವಿಚಾರವನ್ನು ಕೇಳಲೇಬೇಕೆಂದು ವೈದ್ಯರು ಒತ್ತಿಹೇಳುವುದು ಇದಕ್ಕಾಗಿಯೇ.

ಮಗನಿಗೂ ಮಗಳಿಗೂ ಸಮಪಾಲು

ಗ್ರಾಹಕದ ಜೀನ್ ಇರುವ 19ನೆಯ ವರ್ಣತಂತುವಿಗೂ ಗಂಡುಹೆಣ್ಣೆಂಬ ಭೇದಕ್ಕೂ ಸಂಬಂಧವಿಲ್ಲ. ದೋಷವುಳ್ಳ ತಂದೆ ಅಥವಾ ತಾಯಿಯಿಂದ ಮಗನಿಗೆ ಅದು ಬರುವ ಸಂಭವ ಎಷ್ಟೋ ಮಗಳಿಗೂ ಅಷ್ಟೇ: ಎರಡರಲ್ಲೊಂದು ಪಾಲು. ಬಳುವಳಿ ಸಮನಾಗಿದ್ದರೂ ಅದರ ಫಲ ಸಮನಲ್ಲ. ಚಿಕಿತ್ಸೆಯಿಲ್ಲದಿದ್ದರೆ, ಇಂಥ ಪುರುಷರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ 50 ತುಂಬುವುದರೊಳಗೆ ಹೃದ್ರೋಗ ಬರುತ್ತದೆ. ಸ್ತ್ರೀಯರಲ್ಲಿ ನೂರಕ್ಕೆ ಸುಮಾರು 30 ಮಂದಿಗೆ 60 ತುಂಬುವುದರೊಳಗೆ ಬರುತ್ತದೆ.

ಈ ಅಂತರ ಇತರರಲ್ಲಿಯೂ ಉಂಟು. 52 ದೇಶಗಳಲ್ಲಿ ನಡೆದು 2004ರಲ್ಲಿ ಪ್ರಕಟವಾದ ಇಂಟರ್‌ಹಾರ್ಟ್ ಎಂಬ ಅಧ್ಯಯನದಲ್ಲಿ ಸ್ತ್ರೀಯರಿಗೆ ಮೊದಲನೆಯ ಹೃದಯಾಘಾತವಾದುದು ಪುರುಷರಿಗಿಂತ ಸರಾಸರಿ 9 ವರ್ಷ ತಡವಾಗಿ. ಸ್ತ್ರೀಯರ ಹಾರ್ಮೋನಾದ ಈಸ್ಟ್ರೋಜನ್ ಯಕೃತ್ತಿನಲ್ಲಿ ಗ್ರಾಹಕಗಳನ್ನು ಹೆಚ್ಚಿಸುತ್ತದೆ. ಮುಟ್ಟು ನಿಂತ ಮೇಲೆ ಅದು ತಗ್ಗಿ, ಎಲ್.ಡಿ.ಎಲ್. ಏರುತ್ತದೆ. ಹಾಗಾದರೆ ಆ ಹಾರ್ಮೋನನ್ನೇ ಗುಳಿಗೆಯಾಗಿ ಕೊಟ್ಟರೆ ಸಾಲದೆ? ಹಾಗೆ ಯೋಚಿಸಿದವರೂ ಉಂಟು. ಆದರೆ 1998ರಲ್ಲಿಯೂ 2002ರಲ್ಲಿಯೂ ಅಮೆರಿಕದಲ್ಲಿ ಪ್ರಕಟವಾದ ಎರಡು ದೊಡ್ಡ ಪರೀಕ್ಷೆಗಳಲ್ಲಿ, ಮುಟ್ಟು ನಿಂತ ಸ್ತ್ರೀಯರಿಗೆ ಹಾರ್ಮೋನು ಕೊಟ್ಟುದರಿಂದ ಹೃದಯಕ್ಕೆ ರಕ್ಷಣೆ ದೊರೆಯಲಿಲ್ಲ. ಪ್ರಕೃತಿ ಕೊಟ್ಟ ರಕ್ಷೆಯನ್ನು ಔಷಧದ ಅಂಗಡಿಯಿಂದ ತರುವುದು ಅಷ್ಟು ಸುಲಭವಲ್ಲವೆಂಬುದು ಇದರಿಂದ ತಿಳಿದುಬಂತು.

ಸ್ತ್ರೀಯರಿಗಿರುವ ಈ ಕೆಲವು ವರ್ಷಗಳ ವಿನಾಯಿತಿಯೇ ಅವರಿಗೆ ಶತ್ರುವಾಗಿ ಪರಿಣಮಿಸುವುದುಂಟು. ಹೆಂಗಸರಿಗೆ ಹೃದ್ರೋಗ ಬರುವುದಿಲ್ಲವೆಂಬ ನಂಬಿಕೆಯಿಂದ ಮನೆಯವರು ಪರೀಕ್ಷೆ ಮಾಡಿಸುವುದಿಲ್ಲ. ಎದೆನೋವಿನ ಜೊತೆಗೆ ಉಬ್ಬಸ, ವಾಕರಿಕೆ, ದವಡೆನೋವು, ವಿಪರೀತ ಆಯಾಸಗಳು ಕಾಣಿಸಿಕೊಂಡರೆ ಅದನ್ನು ಪಿತ್ತವೆಂದೋ ಕೆಲಸದ ದಣಿವೆಂದೋ ತಳ್ಳಿಹಾಕುವುದುಂಟು. ಗರ್ಭಿಣಿಯರಲ್ಲಿ ಕೊಲೆಸ್ಟರಾಲ್ ಸಹಜವಾಗಿಯೇ ಏರುತ್ತದೆ. ಆ ಕಾಲದಲ್ಲಿಯೂ ಮೊಲೆಯೂಡಿಸುವ ಕಾಲದಲ್ಲಿಯೂ ಔಷಧವನ್ನು ಸಾಮಾನ್ಯವಾಗಿ ನಿಲ್ಲಿಸಬೇಕಾಗುತ್ತದೆ. ಎರಡು ಮೂರು ಮಕ್ಕಳ ತಾಯಿಗೆ ಹೀಗೆ ಚಿಕಿತ್ಸೆಯಿಲ್ಲದೆ ಕಳೆದ ವರ್ಷಗಳೂ ಬಡ್ಡಿಯಂತೆ ಲೆಕ್ಕಕ್ಕೆ ಸೇರುತ್ತವೆ.

56 ದೇಶಗಳ 42,000ಕ್ಕೂ ಮಿಕ್ಕ ವಯಸ್ಕ ರೋಗಿಗಳ ವಿವರಗಳು 2021ರಲ್ಲಿ ಪ್ರಕಟವಾದುವು. ಅವರಿಗೆ ರೋಗ ಪತ್ತೆಯಾದುದು 44ನೆಯ ವಯಸ್ಸಿನ ಸುಮಾರಿಗೆ. ಕೊಲೆಸ್ಟರಾಲನ್ನು ತಕ್ಕಷ್ಟು ಇಳಿಸಿಕೊಳ್ಳುವುದರಲ್ಲಿ ಸ್ತ್ರೀಯರು ಪುರುಷರಿಗಿಂತ ಹಿಂದುಳಿದಿದ್ದರು. ಜೀನ್ ತೋರದ ಭೇದವನ್ನು ಸಮಾಜ ತೋರಿತೆಂದರೆ ತಪ್ಪಾಗಲಾರದು.

ಬಳುವಳಿಯೇ ವರವಾದಾಗ

ಎಲ್ಲ ಬಳುವಳಿಯೂ ಕೇಡಿನದಲ್ಲ. ಇದೇ ಕಥೆಗೆ ಇನ್ನೊಂದು ಮುಖವಿದೆ.

2003ರಲ್ಲಿ ಪ್ಯಾರಿಸ್ಸಿನ ಕ್ಯಾಥರೀನ್ ಬ್ವಾಲೋ, ಮರಿಯಾನ್ ಅಬಿಫದೆಲ್ ಮತ್ತು ಕೆನಡದ ಮಾಂಟ್ರಿಯಲ್ ನಗರದ ನಬಿಲ್ ಸೈದಾ ಮುಂತಾದ ವಿಜ್ಞಾನಿಗಳು, ಗ್ರಾಹಕದ ಜೀನ್ ಸರಿಯಾಗಿದ್ದೂ ರೋಗವಿದ್ದ ಫ್ರೆಂಚ್ ಕುಟುಂಬಗಳಲ್ಲಿ ಹೊಸದೊಂದು ದೋಷವನ್ನು ಕಂಡುಹಿಡಿದರು. ಪಿ.ಸಿ.ಎಸ್.ಕೆ.-9 ಎಂಬ ಹೆಸರಿನ ಪ್ರೋಟೀನೊಂದಿದೆ. ಹತ್ತು ನಿಮಿಷಕ್ಕೊಮ್ಮೆ ಒಳಹೋಗಿ ಬರುವ ಗ್ರಾಹಕಕ್ಕೆ ಅದು ಅಂಟಿಕೊಂಡು, ಹೊರಬರದಂತೆ ತಡೆದು, ಒಳಗೇ ನಾಶಪಡಿಸುತ್ತದೆ. ಆ ಕುಟುಂಬಗಳಲ್ಲಿ ಈ ಪ್ರೋಟೀನಿನ ಕಾರ್ಯ ಅತಿಯಾಗಿತ್ತು.

ಡಲ್ಲಾಸಿನ ಹೆಲೆನ್ ಹಾಬ್ಸ್ ಮತ್ತು ಜೊನಾಥನ್ ಕೋಹೆನ್ ಇದನ್ನು ತಿರುಗಿಸಿ ಯೋಚಿಸಿದರು: ಇದೇ ಪ್ರೋಟೀನು ಹುಟ್ಟಿನಿಂದ ಕಡಮೆಯಿರುವವರ ಗತಿಯೇನು? ಅಂಥವರನ್ನು ಅವರು ತಮ್ಮ ಊರಿನ ಜನರಲ್ಲಿಯೇ ಹುಡುಕಿ ಕಂಡರು. ಬಳಿಕ ಅಮೆರಿಕದ ನಾಲ್ಕು ಜನಸಮುದಾಯಗಳಲ್ಲಿ 15 ವರ್ಷ ನಡೆದ ಅಧ್ಯಯನದ ಫಲವನ್ನು 2006ರಲ್ಲಿ ಪ್ರಕಟಿಸಿದರು. ಈ ಬದಲಾವಣೆಯಿದ್ದ ಕರಿಯ ಜನಾಂಗದವರಲ್ಲಿ ಎಲ್.ಡಿ.ಎಲ್. ನೂರಕ್ಕೆ 28ರಷ್ಟು ಮಾತ್ರ ಕಡಮೆಯಾಗಿತ್ತು. ಹೃದ್ರೋಗವಾದರೋ ನೂರಕ್ಕೆ 88ರಷ್ಟು ಕಡಮೆಯಾಗಿತ್ತು! ಅವರಲ್ಲಿ ಅನೇಕರಿಗೆ ರಕ್ತದೊತ್ತಡ, ಧೂಮಪಾನದ ಚಟ, ಸಕ್ಕರೆಕಾಯಿಲೆಗಳು ಇಲ್ಲದಿರಲಿಲ್ಲ.

ಅಷ್ಟು ಚಿಕ್ಕ ಇಳಿತದಿಂದ ಇಷ್ಟು ದೊಡ್ಡ ಲಾಭ ಹೇಗೆ? ಆ ಇಳಿತ ಐವತ್ತನೆಯ ವಯಸ್ಸಿನಲ್ಲಿ ಆರಂಭವಾದುದಲ್ಲ, ಹುಟ್ಟಿದಂದಿನಿಂದ ಬಂದುದು. ಬಡ್ಡಿಯ ಲೆಕ್ಕ ಇಲ್ಲಿ ಉಳಿತಾಯದ ಪರವಾಗಿ ನಡೆದಿತ್ತು.

ಇನ್ನೊಂದು ಬಳುವಳಿಯ ಮಾತನ್ನೂ ಇಲ್ಲಿ ಹೇಳಬೇಕು. 1963ರಲ್ಲಿ ನಾರ್ವೆಯ ಕೋರೆ ಬೆರ್ಗ್ ಎಂಬವರು ಲೈಪೋಪ್ರೋಟೀನ್-ಎ ಎಂಬ ಕಣವನ್ನು ಕಂಡುಹಿಡಿದರು. ರಕ್ತದಲ್ಲಿ ಅದರ ಪ್ರಮಾಣವನ್ನು ಬಹುಮಟ್ಟಿಗೆ ಜೀನ್ ನಿರ್ಧರಿಸುತ್ತದೆ. ಊಟ, ವ್ಯಾಯಾಮಗಳಿಂದ ಅದು ಹೆಚ್ಚಾಗಿ ಬದಲಾಗದು. ಸ್ತ್ರೀಯರಲ್ಲಿ ಮುಟ್ಟು ನಿಂತ ಮೇಲೆ ಸ್ವಲ್ಪ ಏರುತ್ತದೆ. ಜಗತ್ತಿನ ಐವರಲ್ಲಿ ಒಬ್ಬರಿಗೆ ಅದು ಮಿತಿಮೀರಿ ಇರುತ್ತದೆಂದು ಅಂದಾಜು. ಮಿತವಾಗಿ ಉಂಡು, ಹದವಾಗಿ ನಡೆದು, ಬೀಡಿ ಸಿಗರೇಟುಗಳನ್ನು ಮುಟ್ಟದವರಿಗೂ ಒಮ್ಮೊಮ್ಮೆ ಹೃದಯಾಘಾತವಾಗುವುದರ ಹಿಂದೆ ಇಂಥ ಕಾರಣಗಳಿರುತ್ತವೆ. ಜೀವಮಾನದಲ್ಲಿ ಒಮ್ಮೆ ಮಾಡಿಸುವ ರಕ್ತಪರೀಕ್ಷೆಯಿಂದ ಇದು ತಿಳಿಯುತ್ತದೆ.

ಅಕ್ಕಿಯ ಮೇಲಿನ ಬೂಷ್ಟು

ಕೇಡಿನ ಬಳುವಳಿಗೆ ಮೊದಲನೆಯ ಸಮರ್ಥವಾದ ಮದ್ದು ಬಂದುದು ಬೂಷ್ಟಿನಿಂದ. ಜಪಾನಿನ ಉತ್ತರ ಭಾಗದ ಅಕಿತ ಪ್ರಾಂತದ ರೈತಕುಟುಂಬದಲ್ಲಿ 1933ರಲ್ಲಿ ಹುಟ್ಟಿದ ಅಕಿರ ಎಂಡೋ ಬಾಲ್ಯದಿಂದಲೇ ಅಣಬೆ ಬೂಷ್ಟುಗಳನ್ನು ಬೆರಗಿನಿಂದ ನೋಡುತ್ತ ಬೆಳೆದವರು. ಟೋಕಿಯೋ ನಗರದ ಸಾಂಕ್ಯೋ ಔಷಧ ಕಂಪೆನಿಯಲ್ಲಿದ್ದಾಗ, ಕೊಲೆಸ್ಟರಾಲಿನ ತಯಾರಿಕೆಯನ್ನು ತಡೆಯುವ ವಸ್ತು ಯಾವುದಾದರೊಂದು ಬೂಷ್ಟಿನಲ್ಲಿ ಇರಲೇಬೇಕೆಂದು ನಂಬಿ 1971ರಲ್ಲಿ ಹುಡುಕಾಟಕ್ಕೆ ತೊಡಗಿದರು. ಎರಡು ವರ್ಷಗಳಲ್ಲಿ 6,000ದಷ್ಟು ಬಗೆಯ ಬೂಷ್ಟುಗಳ ಪರೀಕ್ಷೆ ನಡೆಯಿತು. ಕೊನೆಗೆ ಕ್ಯೋಟೋ ನಗರದ ಅಕ್ಕಿಯಂಗಡಿಯ ಧಾನ್ಯದ ಮೇಲೆ ಬೆಳೆದಿದ್ದ ಬೂಷ್ಟಿನಲ್ಲಿ ಅಂಥ ವಸ್ತು ದೊರೆಯಿತು. ಇಲಿಗಳಿಗೆ ಕೊಟ್ಟಾಗ ಅದು ಫಲಿಸಲಿಲ್ಲ. ಎಂಡೋ ಎದೆಗುಂದದೆ ಮೊಟ್ಟೆಯಿಡುವ ಕೋಳಿಗಳಿಗೆ ಕೊಟ್ಟು ನೋಡಿದರು; ಕೊಲೆಸ್ಟರಾಲ್ ಇಳಿಯಿತು. 1978ರಲ್ಲಿ ಒಸಾಕ ನಗರದಲ್ಲಿ ಅದನ್ನು ಮೊದಲು ಸೇವಿಸಿದ ರೋಗಿ, ಇದೇ ಆನುವಂಶಿಕ ರೋಗದಿಂದ ನರಳುತ್ತಿದ್ದ 18 ವರ್ಷದ ಯುವತಿ.

ಆ ವಸ್ತುವಿನ ಜಾತಿಗೆ ಸೇರಿದ ಔಷಧಗಳೇ ಸ್ಟ್ಯಾಟಿನ್‌ಗಳು. 1987ರಲ್ಲಿ ಅಮೆರಿಕದಲ್ಲಿ ಮೊದಲನೆಯದು ಮಾರಾಟಕ್ಕೆ ಬಂತು. ಸ್ಟ್ಯಾಟಿನ್ ಯಕೃತ್ತಿನೊಳಗಿನ ತಯಾರಿಕೆಯನ್ನು ತಗ್ಗಿಸುತ್ತದೆ. ಕೊರತೆಯನ್ನು ಕಂಡ ಯಕೃತ್ತು ಉಳಿದಿರುವ ಒಳ್ಳೆಯ ಜೀನಿನ ನೆರವಿನಿಂದ ಹೆಚ್ಚು ಗ್ರಾಹಕಗಳನ್ನು ಬಾಗಿಲಲ್ಲಿ ನಿಲ್ಲಿಸುತ್ತದೆ. ಹೀಗೆ ತಂದೆ ಕೊಟ್ಟ ಪ್ರತಿ ಕೆಟ್ಟಿದ್ದರೆ ತಾಯಿ ಕೊಟ್ಟ ಪ್ರತಿಯೇ ಇಬ್ಬರ ಕೆಲಸವನ್ನೂ ಮಾಡುತ್ತದೆ. ಎರಡೂ ಕೆಟ್ಟವರಿಗೆ ಇದರಿಂದ ಪ್ರಯೋಜನ ಅಲ್ಪ. ಅವರಿಗಾಗಿ ಯಂತ್ರದಿಂದ ರಕ್ತದ ಎಲ್.ಡಿ.ಎಲ್. ಅನ್ನು ಸೋಸುವ ವಿಧಾನವಿದೆ. ಗ್ರಾಹಕದ ಹಂಗಿಲ್ಲದೆ ಕೆಲಸ ಮಾಡುವ ಔಷಧವೊಂದು 2021ರಲ್ಲಿ ಬಂದಿದೆ. ಪಿ.ಸಿ.ಎಸ್.ಕೆ.-9 ಅನ್ನು ಕಟ್ಟಿಹಾಕುವ ಚುಚ್ಚುಮದ್ದುಗಳಿಗೆ 2015ರಲ್ಲಿ ಮನ್ನಣೆ ದೊರೆಯಿತು. ಕೆಲವರಿಗೆ ಹುಟ್ಟಿನಿಂದ ಬಂದ ವರವನ್ನು ಇತರರಿಗೂ ಹಂಚುವ ಪ್ರಯತ್ನವಿದು.

ಒಂದೇ ಮನೆಯ ಎರಡು ತಲೆಮಾರು

ಔಷಧ ಇದ್ದರಷ್ಟೇ ಸಾಲದು. ಅದು ಸಕಾಲದಲ್ಲಿ ಕೈಸೇರಬೇಕು. ಇದನ್ನು ನೆದರ್‌ಲ್ಯಾಂಡ್ಸ್ ದೇಶದ ಅನುಭವ ತೋರಿಸಿಕೊಟ್ಟಿತು. 1994ರಿಂದ ಅಲ್ಲಿ, ಒಬ್ಬ ರೋಗಿ ಪತ್ತೆಯಾದೊಡನೆ ಅವನ ತಂದೆತಾಯಿ, ಒಡಹುಟ್ಟಿದವರು, ಮಕ್ಕಳು ಎಲ್ಲರನ್ನೂ ಹುಡುಕಿಕೊಂಡು ಹೋಗಿ ಪರೀಕ್ಷಿಸುವ ಪದ್ಧತಿ ನಡೆಯಿತು. ಬಳ್ಳಿಯನ್ನು ಹಿಡಿದು ಎಳೆದಂತೆ ಒಬ್ಬರಿಂದ ಇನ್ನೊಬ್ಬರು ಬೆಳಕಿಗೆ ಬಂದರು.

ಹಾಗೆ ಪತ್ತೆಯಾದ ಕುಟುಂಬಗಳ 214 ಮಕ್ಕಳಿಗೆ ಆಮ್‌ಸ್ಟರ್‌ಡಾಮ್ ನಗರದ ವೈದ್ಯರು 1990ರ ದಶಕದ ಕೊನೆಯಲ್ಲಿ ಸ್ಟ್ಯಾಟಿನ್ ಚಿಕಿತ್ಸೆಯನ್ನು ಆರಂಭಿಸಿದರು. ಇಪ್ಪತ್ತು ವರ್ಷಗಳ ಅನಂತರ ಫಲವನ್ನು ಅಳೆದು 2019ರಲ್ಲಿ ಪ್ರಕಟಿಸಿದರು. ಹೋಲಿಕೆಗಾಗಿ ಅವರು ಆರಿಸಿಕೊಂಡುದು ಆ ಮಕ್ಕಳ ತಂದೆತಾಯಿಗಳನ್ನೇ. ಅದೇ ಜೀನಿನ ಅದೇ ದೋಷವಿದ್ದೂ, ಬಾಲ್ಯದಲ್ಲಿ ಆ ಔಷಧವನ್ನು ಕಾಣದಿದ್ದವರನ್ನು. 39 ವರ್ಷ ತುಂಬುವುದರೊಳಗೆ ಆ ತಂದೆತಾಯಿಗಳಲ್ಲಿ ನೂರಕ್ಕೆ 26 ಮಂದಿಗೆ ಹೃದಯಾಘಾತದಂಥ ಅನಾಹುತವಾಗಿತ್ತು. ನೂರಕ್ಕೆ 7 ಮಂದಿ ಹೃದ್ರೋಗದಿಂದ ತೀರಿಕೊಂಡಿದ್ದರು. ಅದೇ ವಯಸ್ಸಿನೊಳಗೆ ಮಕ್ಕಳಲ್ಲಿ ಅನಾಹುತವಾದುದು ನೂರಕ್ಕೆ ಒಬ್ಬರಿಗೆ. ಹೃದ್ರೋಗದಿಂದ ಸತ್ತವರು ಒಬ್ಬರೂ ಇಲ್ಲ.

ಒಂದೇ ಮನೆ, ಒಂದೇ ರಕ್ತ, ಒಂದೇ ದೋಷ. ವ್ಯತ್ಯಾಸವಾದುದು ತಿಳಿವಳಿಕೆ ಬಂದ ಕಾಲದಲ್ಲಿ ಮಾತ್ರ.

ಕನ್ನಡನಾಡಿನ ಮನೆಗಳಲ್ಲಿ

ಓಸ್ಲೋ, ಬೈರೂತ್, ಡಲ್ಲಾಸುಗಳ ಈ ಕಥೆ ಕನ್ನಡ ನಾಡಿಗೂ ದೂರದ್ದಲ್ಲ. ಇಂಟರ್‌ಹಾರ್ಟ್ ಅಧ್ಯಯನದ ಪ್ರಕಾರ, ಭಾರತ ಮತ್ತು ನೆರೆಯ ದೇಶಗಳ ಜನರಿಗೆ ಮೊದಲನೆಯ ಹೃದಯಾಘಾತವಾಗುವುದು ಇತರ ದೇಶಗಳವರಿಗಿಂತ ಸುಮಾರು ಐದು ವರ್ಷ ಮೊದಲೇ. ಹೊಗೆಸೊಪ್ಪು, ಸಕ್ಕರೆಕಾಯಿಲೆ, ರಕ್ತದೊತ್ತಡ ಮೊದಲಾದುವು ಇದಕ್ಕೆ ಮುಖ್ಯ ಕಾರಣಗಳು. ವಂಶದ ದೋಷವೂ ಅವುಗಳೊಂದಿಗೆ ಕೂಡಿದರೆ ಅಪಾಯ ಇಮ್ಮಡಿ ಮುಮ್ಮಡಿಯಾಗುತ್ತದೆ.

ಸೋದರಮಾವನಿಗೆ ಅಕ್ಕನ ಮಗಳನ್ನು ತರುವುದು, ಸೋದರತ್ತೆಯ ಮಗನಿಗೆ ಹೆಣ್ಣು ಕೊಡುವುದು ಕರ್ನಾಟಕದ ಎಷ್ಟೋ ಮನೆತನಗಳಲ್ಲಿ ತಲೆಮಾರುಗಳಿಂದ ನಡೆದುಬಂದ ಪದ್ಧತಿ. ಮಾವ ಸೊಸೆಯರಲ್ಲಿ ಜೀನುಗಳ ನಾಲ್ಕನೆಯ ಒಂದು ಪಾಲು ಒಂದೇ ಮೂಲದಿಂದ ಬಂದಿರುತ್ತದೆ. ಅತ್ತೆಯ ಮಗ ಮಾವನ ಮಗಳಲ್ಲಿ ಎಂಟನೆಯ ಒಂದು ಪಾಲು. ಮನೆತನದಲ್ಲಿ ಈ ದೋಷವಿದ್ದರೆ ಅದು ಗಂಡಹೆಂಡಿರಿಬ್ಬರಲ್ಲಿಯೂ ಇರುವ ಸಂಭವ ಹೆಚ್ಚು. ಇಬ್ಬರಲ್ಲಿಯೂ ಒಂದೊಂದು ಪ್ರತಿ ಇದ್ದರೆ, ಹುಟ್ಟುವ ಪ್ರತಿಯೊಂದು ಮಗುವಿಗೂ ಎರಡೂ ಪ್ರತಿಗಳು ಬರುವ ಸಂಭವ ನಾಲ್ಕರಲ್ಲೊಂದು. ಟೆಕ್ಸಾಸಿನ ಬಾಲಿಕೆಯಂಥ ಮಗು ಹುಟ್ಟುವುದು ಹೀಗೆ. ಸಂಬಂಧದಲ್ಲಿ ಮದುವೆಯಾದ ಮಾತ್ರಕ್ಕೆ ಹೀಗಾಗುತ್ತದೆಂದು ಯಾರೂ ಹೆದರಬೇಕಾಗಿಲ್ಲ; ಆದರೆ ಮನೆತನದಲ್ಲಿ ಅಕಾಲದ ಹೃದ್ರೋಗವಿದ್ದರೆ ಮದುವೆಗೆ ಮೊದಲು ರಕ್ತವನ್ನು ಪರೀಕ್ಷಿಸಿಕೊಳ್ಳುವುದು ವಿವೇಕ.

ಎಚ್ಚರಕ್ಕೆ ದೊಡ್ಡ ಪಾಂಡಿತ್ಯವೇನೂ ಬೇಕಿಲ್ಲ. ಮನೆತನದಲ್ಲಿ 55ರೊಳಗಿನ ಗಂಡಸಿಗೋ, 60ರೊಳಗಿನ ಹೆಂಗಸಿಗೋ ಹೃದಯಾಘಾತವಾಗಿದೆಯೇ? ಯಾರಿಗಾದರೂ ಹಿಮ್ಮಡಿಯ ಹಿಂದಿನ ಸ್ನಾಯುರಜ್ಜು ದಪ್ಪನಾಗಿ ಗಂಟುಗಂಟಾಗಿದೆಯೇ? 45 ತುಂಬುವ ಮೊದಲೇ ಕಣ್ಣಿನ ಕರಿಯ ಭಾಗದ ಅಂಚಿನಲ್ಲಿ ಬೆಳ್ಳನೆಯ ಉಂಗುರ ಕಾಣುತ್ತಿದೆಯೇ? ಇವುಗಳಲ್ಲಿ ಒಂದಕ್ಕಾದರೂ ಹೌದೆಂಬ ಉತ್ತರ ಬಂದರೆ ಆ ಮನೆಯ ಗಂಡುಹೆಣ್ಣು ಮಕ್ಕಳೆಲ್ಲರ ಕೊಲೆಸ್ಟರಾಲನ್ನು ಪರೀಕ್ಷಿಸಬೇಕು. ರಕ್ತಪರೀಕ್ಷೆ ತಾಲ್ಲೂಕು ಕೇಂದ್ರಗಳಲ್ಲಿಯೂ ಆಗುವಂಥದು. ಸ್ಟ್ಯಾಟಿನ್ ಗುಳಿಗೆ ಸಾಮಾನ್ಯ ಔಷಧದ ಅಂಗಡಿಗಳಲ್ಲಿಯೂ ವೈದ್ಯರ ಚೀಟಿಗೆ ದೊರೆಯುವಂಥದು.

ಅಜ್ಜ ಯಾವ ವಯಸ್ಸಿನಲ್ಲಿ, ಯಾವುದರಿಂದ ತೀರಿಕೊಂಡರೆಂದು ಮಕ್ಕಳು ಕೇಳಿದರೆ ಹಿರಿಯರು ಸಾಮಾನ್ಯವಾಗಿ ನಿಟ್ಟುಸಿರು ಬಿಟ್ಟು ಹಣೆಬರಹವೆಂದು ಸುಮ್ಮನಾಗುತ್ತಾರೆ. ಹಣೆಬರಹವನ್ನು ಓದಿದವರಿಲ್ಲ, ಅಳಿಸಿದವರೂ ಇಲ್ಲ. ರಕ್ತದ ಬರಹವಾದರೋ ಓದಲು ಬರುವಂಥದು. ಅದನ್ನು ಅಳಿಸಲಾಗದಿದ್ದರೂ ಅದರ ಬಡ್ಡಿ ಬೆಳೆಯದಂತೆ ತಡೆಯಬಹುದು. ಆ ಪ್ರಶ್ನೆಗೆ ಮನೆಯ ಹಿರಿಯರು ನೆನಪು ಮಾಡಿಕೊಂಡು ಕೊಡುವ ಸರಿಯಾದ ಉತ್ತರ, ಮೊಮ್ಮಕ್ಕಳಿಗೆ ಅವರು ಬಿಟ್ಟುಹೋಗುವ ಆಸ್ತಿಗಳಲ್ಲಿ ಬೆಲೆಕಟ್ಟಲಾಗದ ಆಸ್ತಿಯಾದೀತು.